ಹಾಡಿದವಳು ಝೇಂಕಾರಿ, ಉಡಿ ತುಂಬಿದ್ದು ನನಗೆ

ಉತ್ಸವದ ಸಾಂಸ್ಕೃತಿಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹಾಡಲು ಬಿಡದ ವೇದಿಕೆಗೆ ನನ್ನನ್ನು ಹತ್ತಿಸಿ, ನಾನು ಹಾಡದ ಹಾಡಿಗೆ ಸನ್ಮಾನ ಮಾಡಿದಿರಿ. ಈ ಭಾಗ್ಯ ಹುನಗುಂದದ ಇನ್ಯಾವ ಗಾಯಕಿಗೂ ಸಿಕ್ಕಿರಲಾರದು. ಆದ್ದರಿಂದ ಮೊದಲು ಕೃತಜ್ಞತೆ ಹೇಳಿ, ಆಮೇಲೆ ಜಗಳಕ್ಕೆ ಬರುತ್ತೇನೆ.

ನಾನು ಮದುವೆ, ಬಸುರಿಯರ ಕುಬಸ, ನಿವೃತ್ತಿ ಸಮಾರಂಭಗಳಲ್ಲಿ ಆರ್ಕೆಸ್ಟ್ರಾ ಜೊತೆ ಹಾಡುವವಳು. ನವನಗರದ ಉತ್ಸವದಲ್ಲಿ ಒಂದು ಹಾಡಿಗೆ ಅವಕಾಶ ಕೇಳಿದಾಗ ನಿಮ್ಮ ಸಮಿತಿ ‘ಹೊಸತನದ ಕೊರತೆ’ ಎಂದು ಅರ್ಜಿ ತಿರುಗಿಸಿತು. ಒಪ್ಪಿದೆ. ನನ್ನ ಗಂಟಲು ಹಳೆಯದು. ಮೇಲಿನ ಷಡ್ಜಕ್ಕೆ ಹೋದರೆ ಬಾದಾಮಿ ಬಸ್ಸು ಏರು ಹತ್ತಿದಂತೆ ಕೇಳುತ್ತದೆ. ನೀವು ತರಿಸಿದ ಕಂಪ್ಯೂಟರ್ ಗಾಯಕಿ ಝೇಂಕಾರಿಗೆ ಆ ತೊಂದರೆಯಿಲ್ಲ. ಗಂಟಲೇ ಇಲ್ಲದ ಮೇಲೆ ನೆಗಡಿ ಎಲ್ಲಿಂದ ಬರಬೇಕು? ಆಕೆ ಬೆಳಕಿನಲ್ಲಿ ಮೂಡಿ, ಎಲೆಕ್ಟ್ರಾನಿಕ್ ತಾಳಕ್ಕೆ ನೀಲಿ ಜಡೆ ಬೀಸುತ್ತ ಹಾಡಿದಾಗ, ಬಹಿಷ್ಕರಿಸಲೆಂದೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಾಲೇ ಕುಣಿಯತೊಡಗಿತು. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕ ಖಾದರಬಾಷಾ ಪಕ್ಕದಿಂದ, “ಅಕ್ಕಾ, ಕಾಲಿಗೂ ಒಂದೀಟು ಸಿಟ್ಟ ಬರ್ಲಿ,” ಎಂದ.

ನಮ್ಮ ಕಡೆ ಹಾಡಿದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿಯಿಲ್ಲ. ಇಳಕಲ್ ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ಸಿದ್ಧಮಾಡಿ, ಉಡಿ ತುಂಬಲು ಕುಳಗೇರಿ ಕ್ರಾಸಿನ ಹಿರಿಯ ಮುತ್ತೈದೆ ಸಿದ್ದಲಿಂಗವ್ವನನ್ನು ಕರೆಸಿದ್ದಿರಿ. ಒಡ್ಡಲು ಝೇಂಕಾರಿಗೆ ಸೆರಗೇ ಇಲ್ಲವೆಂಬುದು ಯಾರಿಗೂ ಹೊಳೆದಿರಲಿಲ್ಲ, ಅಷ್ಟು ತಲೆಗಳಿರುವ ಸಮಿತಿಯಲ್ಲಿ! ಅಜ್ಜಿ ಬೆಳಕಿನೊಳಗೆ ಹಾಕಿದ ಮೊದಲ ಹಿಡಿ ಅಕ್ಕಿ ಸೀದಾ ವೇದಿಕೆಯ ಹಲಗೆಯ ಮೇಲೆ ಚೆಲ್ಲಿತು. ಗಾಬರಿಯಾದ ನಿಮ್ಮ ನಿರೂಪಕರು, ಸೀರೆ ಉಟ್ಟು ಎದುರಿಗೇ ಕೂತಿದ್ದ ನನ್ನನ್ನು ‘ಗಾಯಕಿಯ ಪರವಾಗಿ’ ಸ್ವೀಕರಿಸಲು ಕರೆದರು. ನಾನೂ ಹತ್ತಿದೆ. ಕೊಡಲಿದ್ದದ್ದು ಕೆಂಪು-ಬಿಳಿ ತೋಪತೆನಿ ಸೆರಗಿನ ಒಳ್ಳೇ ಸೀರೆ; ಸ್ವಾಭಿಮಾನ ನೆನಪಾಗುವಷ್ಟರಲ್ಲಿ ಉಡಿ ಒಡ್ಡಿಯಾಗಿತ್ತು.

“ಭಾಳ ಛಲೋ ಹಾಡಿದಿ, ಮಗಳ,” ಎಂದರು ಸಿದ್ದಲಿಂಗವ್ವ.

“ನಾ ಹಾಡಿಲ್ಲರಿ, ಯವ್ವಾ. ಹಾಡಿದಾಕಿ ಆಕಿ.”

ಅಜ್ಜಿ ಬೆಳಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಹಂಗಾರ ಈಗ ಹಾಡು. ನಾ ಕುಂತು ಕೇಳ್ತೇನಿ.”

ಬಾಯಿ ತೆರೆದೆ. ನಿರೂಪಕರು ಮೈಕು ಎಳೆದುಕೊಂಡು, ಸಮಯದ ಅಭಾವದಿಂದಾಗಿ ನೇರವಾಗಿ ವಂದನಾರ್ಪಣೆ ಎಂದರು. ವಂದನಾರ್ಪಣೆ ಮುಕ್ಕಾಲು ಗಂಟೆ ನಡೆಯಿತು. ತುಂಬಿದ ಉಡಿ, ತೆರೆದ ಬಾಯಿಯ ನನ್ನ ಫೋಟೊ ಈಗ ನಮ್ಮ ಆರ್ಕೆಸ್ಟ್ರಾದವರೆಲ್ಲರ ಮೊಬೈಲಿನಲ್ಲಿದೆ.

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ನೋವಾಗಿದೆ. ಝೇಂಕಾರಿಯ ಮೇಲೆ ಸಿಟ್ಟಿಲ್ಲ, ಆಕೆ ಚೆನ್ನಾಗಿಯೇ ಹಾಡಿದಳು. ಮದುವೆ ಮನೆಯಲ್ಲಿ ಜನ ನನ್ನ ಹಾಡಿಗೆ ಹೋಳಿಗೆ ತಿನ್ನುತ್ತಾರೆ, ಬೀಗರ ಜೊತೆ ಮಾತಾಡುತ್ತಾರೆ. ಕುಂತು ಕೇಳ್ತೇನಿ ಎಂದವರು ಆ ಅಜ್ಜಿ ಒಬ್ಬರೇ. ಸೀರೆಯ ಮಡಿಕೆ ಇನ್ನೂ ಬಿಚ್ಚಿಲ್ಲ. ಉಡಲು ಮನಸ್ಸು ಬರುತ್ತಿಲ್ಲ. ಮರಳಿಸಲಂತೂ ಸುತರಾಂ ಬರುತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ಮುಂದಿನ ಉತ್ಸವದಲ್ಲಿ ನನಗೆ ಒಂದು ಹಾಡು ಕೊಡಿ. ಝೇಂಕಾರಿಯೂ ಇರಲಿ, ಮೇಲಿನ ಷಡ್ಜವನ್ನು ಬೇಕಾದರೆ ಆಕೆಯೇ ನೋಡಿಕೊಳ್ಳಲಿ. ಸನ್ಮಾನ ಬೇಡ, ಅದು ಮುಂಗಡವಾಗಿಯೇ ಆಗಿಹೋಗಿದೆ. ತಾವು ಬಾರದಿದ್ದರೂ ನಡೆಯುತ್ತದೆ. ಸಿದ್ದಲಿಂಗವ್ವನಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ.

ಇಂತಿ,
ಉಡಿ ತುಂಬಿದ, ಹಾಡು ಬಾಕಿಯಿರುವ
ಬಸವೇಶ್ವರಿ, ಹುನಗುಂದ