ಹಣ್ಣಾದ ಹುಳದ ತೂಕ

ಜುಲೈ ೪
ಹುಳಕ್ಕೆ ಸೊಪ್ಪು ಹಾಕಿ, ಆರೂವರೆ ಬಸ್ಸಿಗೆ ಕೋಲಾರ. ವಕ್ಕಲೇರಿಯಲ್ಲಿ ರೇಷ್ಮೆ ಹುಳ, ಆಸ್ಪತ್ರೆಯಲ್ಲಿ ಗಂಡ... ಹುಳವೇ ವಾಸಿ, ಕೊಟ್ಟದ್ದು ತಿನ್ನುತ್ತೆ.
ಡಾಕ್ಟರ್ ಮೇಘನ ಕೂರಿಸಿ ಹೇಳಿದರು. ನಮ್ಮವರಿಗೆ, ಕದಿರೇಶ್‌ಗೆ, ಬ್ಲಡ್ ಕ್ಯಾನ್ಸರ್. ರಕ್ತದ ಬಿಳಿ ಕಣಗಳು ಬಲಿಯದೆ ಎಳಸಾಗೇ ತುಂಬಿಕೊಂಡಿವೆ. ಈಗ ಕೊಡೋ ಕ್ಯಾಪ್ಸೂಲ್ ಅವನ್ನು ಕೊಲ್ಲಲ್ಲ, ಬಲಿಸುತ್ತೆ. ಬಲಿತದ್ದು ಕೆಲಸ ಮುಗಿಸಿ ತಾನೇ ಸಾಯುತ್ತೆ.
"ಹಣ್ಣು ಮಾಡೋ ಮದ್ದಾ ಮೇಡಂ?" ಅಂದೆ. ನಾವೂ ಕೊನೆಗೆ ಅಂಥದ್ದೇ ಮದ್ದು ಸೊಪ್ಪಿನ ಮೇಲೆ ಚಿಮುಕಿಸ್ತೀವಲ್ಲ, ಹುಳವೆಲ್ಲ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲಿ ಅಂತ. ನಕ್ಕರು. "ಹೆಚ್ಚುಕಮ್ಮಿ ಅದೇ."
ಅರ್ಧ ಭಯ ಇಳಿಯಿತು.

ಜುಲೈ ೯
ಇವರಿಗೆ ಜ್ವರ ಬಂದಿದೆ. ಹೆದರಲಿಲ್ಲ. ಹುಳ ಪೊರೆ ಬಿಡೋದಕ್ಕೂ ಜ್ವರ ಅಂತಲೇ ಅಂತೀವಿ. ಅದಾಗದೆ ಹಣ್ಣಾಗೋದುಂಟಾ?

ಜುಲೈ ೧೧, ಬೆಳಿಗ್ಗೆ ೭
ಆಸ್ಪತ್ರೆ ವರಾಂಡದ ತೂಕದ ಮಿಷನ್ ಮೇಲೆ ಇವರನ್ನ ನಾನೇ ನಿಲ್ಲಿಸಿ ನೋಡಿದೆ. ಐವತ್ತೊಂದಿದ್ದದ್ದು ಐವತ್ತಾರು ಕೆಜಿ! ಅತ್ತೆಗೆ ಫೋನ್. "ಮೈ ಹಿಡೀತವ್ನೆ ಬಿಡು ನಾ ಕೊಡುಕು, ನನ್ ಮಗ. ನೀನ್ ಬಾ, ಹುಳ ಹಣ್ಣಾಗ್ತಾವೆ." ದೇವರೇ, ನಿನ್ನ ಬೈದದ್ದೆಲ್ಲ ವಾಪಸ್.

ಅದೇ ದಿನ, ೧೧.೪೦
ಮನೇಲಿ ಹಣ್ಣು ಹುಳ ಆರಿಸಿ, ಗೂಡು ಕಟ್ಟೋ ತಟ್ಟೆ ಚಂದ್ರಿಕೆಗೆ ಬಿಡ್ತಾ ಇದ್ದೆ. ತಿನ್ನೋದು ನಿಲ್ಲಿಸಿ, ನೀರು ಕಳೆದು, ಕುಗ್ಗಿರುತ್ತೆ. ಕೈಗೆ ಹಗುರ.
ಕೈ ನಿಂತಿತು.
ಹಣ್ಣಾದ ಹುಳ ತೂಕ ಇಳಿಯುತ್ತೆ, ಏರಲ್ಲ. ಇವರು ನಾಲ್ಕು ದಿನದಿಂದ ಎರಡು ಇಡ್ಲಿನೂ ನೆಟ್ಟಗೆ ತಿಂದಿಲ್ಲ — ಐದು ಕೆಜಿ ಎಲ್ಲಿಂದ ಬಂತು? ಬೆಳಿಗ್ಗೆ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಅದಕ್ಕೂ ನಕ್ಕಿದ್ದೆ, ಕತ್ತೆ ನಾನು.
ಇವರಿಗೆ ಫೋನ್ ಮಾಡಿದೆ. "ಮಲಗಿದ್ರೆ ಉಸ್ರು ಕಟ್ತದೆ ಕಣೇ... ನೀನು ಭಯ ಬೀಳ್ತೀಯ ಅಂತ ಹೇಳ್ಲಿಲ್ಲ." ಚೆನ್ನಾಗಿ ಬೈದೆ. ತಕ್ಷಣ ಮೇಘನ ಮೇಡಂಗೆ ಹೇಳಿದೆ. "ಈಗಲೇ ನೋಡ್ತೀನಿ" — ಫೋನ್ ಇಟ್ಟುಬಿಟ್ಟರು.
ಬಸ್ಸಿಗೆ ನಿಂತಿದ್ದೀನಿ. ಬರ್ತಾ ಇಲ್ಲ.

ಜುಲೈ ೧೨
ಕಣಗಳು ಒಂದೇ ಸಲ ಹಣ್ಣಾಗಿ ಶ್ವಾಸಕೋಶದಲ್ಲಿ ನೀರು. ಕ್ಯಾಪ್ಸೂಲ್ ಸದ್ಯಕ್ಕೆ ನಿಲ್ಲಿಸಿದ್ದಾರೆ. ಇಂಜೆಕ್ಷನ್, ಆಕ್ಸಿಜನ್. "ಸಂಜೆವರೆಗೂ ಬಿಟ್ಟಿದ್ರೆ ಕಷ್ಟ ಆಗ್ತಿತ್ತು ವಾಣಿಶ್ರೀ" ಅಂದರು ಮೇಡಂ. ಹುಳವೆಲ್ಲ ಒಟ್ಟಿಗೆ ಹಣ್ಣಾದರೆ ಚಂದ್ರಿಕೆ ಸಾಲಲ್ಲ. ಇದು ಗೊತ್ತಿದ್ದೂ ಖುಷಿಪಟ್ಟೆನಲ್ಲ.

ಜುಲೈ ೧೭
ಮೂಗಿನ ಪೈಪ್ ತೆಗೆದರು. ಅತ್ತೆ ಒಂದು ಗೂಡು ಕಳಿಸಿದ್ದಾರೆ. ಒಳಗಿನ ಹುಳ ಸದ್ದು ಮಾಡುತ್ತಾ ಅಂತ ಇವರು ಕಿವಿ ಹತ್ತಿರ ಅಲ್ಲಾಡಿಸಿ ನೋಡ್ತಾರೆ.
ನಿಧಾನಕ್ಕೆ ತೂಕದ ಮಿಷನ್ ಹತ್ತಿರ ನಡೆಸಿಕೊಂಡು ಹೋದೆ. ನೋಡೋಕೆ ನನಗೆ ಧೈರ್ಯ ಇಲ್ಲ. ಇವರೇ ಓದಿದರು. "ಐವತ್ತು ಕಣೇ. ಇಳ್ದೋಗಿದೀನಿ."
ಅಲ್ಲೇ ಅತ್ತುಬಿಟ್ಟೆ.
"ಗಂಡ ಸಣ್ಣಗಾದ ಅಂತ ಅಳ್ತಾರೇನೇ?"
"ಅದಕ್ಕಲ್ಲ ಕಣ್ರೀ, ಹುಳ ಹಣ್ಣಾದ್ರೆ ಮೊದಲು ನೀರು ಕಳೆದು ಹಗುರಾಗೋದು—"