ನೀರಿನಡಿಯ ಅಡುಗೆಮನೆ

ಹರ್ಲಿಂಗ್‌ಹ್ಯಾಮ್, ನೈರೋಬಿ
ಬುಧವಾರ, ೧೯ ಮಾರ್ಚ್ ೨೦೨೫

ಪ್ರೀತಿಯ ಅಣ್ಣಯ್ಯ,

ನಿನ್ನ ಸೊಂಟನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳದೆ ಬಲೆ ಎಳೆಯಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ನನಗೆ ಗೊತ್ತು. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ತಾನೆ? ನೀನು ಕಡಲಿಗೆ ಹೋದರೆ ಹತ್ತು ದಿನ ಫೋನಿಗೆ ಸಿಗುವುದಿಲ್ಲ, ಸಿಕ್ಕರೂ ‘ಹ್ಞೂಂ’ ಬಿಟ್ಟರೆ ಮಾತಿಲ್ಲ. ಅದಕ್ಕೇ ಈ ಕಾಗದ. ನಮ್ಮ ಆಫೀಸಿನ ಮೆಲ್ವಿನ್ ನಾಳೆ ಮಂಗಳೂರಿಗೆ ಹೊರಟಿದ್ದಾನೆ, ಎರಡು ಪೊಟ್ಟಣ ಕಾಫಿ ಪುಡಿಯ ಜೊತೆ ಇದನ್ನೂ ಅವನ ಕೈಗೆ ಕೊಡುತ್ತೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಶನಿವಾರ ನಾನು ಮಾಡಿದ್ದನ್ನು ನಿನಗೆ ಹೇಳದೆ ಹಾಗೆ ಬರೆಯಲಾರೆ.

ನಮ್ಮ ಬ್ಯಾಂಕಿನ ಮುಖ್ಯಸ್ಥರು ಚಂದ್ರಶೇಖರ್ ಎಂದು ಹಿಂದೆ ಹೇಳಿದ್ದೆನಲ್ಲ, ಬೆಂಗಳೂರಿನವರು. ಮೀನು ಬಾಯಿಗಿಡುವವರಲ್ಲ. ವೆಸ್ಟ್‌ಲ್ಯಾಂಡ್ಸ್ ಆಫೀಸಿನಲ್ಲಿ ನಾನು ಬಂಗುಡೆ ಸಾರಿನ ಡಬ್ಬಿ ತೆರೆದರೆ ಮೂಗಿಗೆ ಕರವಸ್ತ್ರ ಹಿಡಿದು ಆಚೆ ಹೋಗುತ್ತಾರೆ. ಅದೇ ಮನುಷ್ಯನಿಗೆ ಗಾಳ ಹಾಕುವ ಹುಚ್ಚು! ಇಲ್ಲಿಂದ ಎರಡು ಗಂಟೆ ದಾರಿಯಲ್ಲಿ ನೈವಾಶಾ ಎಂಬ ದೊಡ್ಡ ಸರೋವರವಿದೆ, ಅದರಲ್ಲಿ ಬಾಸ್ ಎಂಬ ಮೀನು. ನಮ್ಮ ಮುರು ಮೀನಿನ ಹಾಗೆ ಅದೂ ಮರೆಯಲ್ಲಿ ನಿಂತು ಹೊಂಚು ಹಾಕುವ ಜಾತಿ. ಇವರು ಅದನ್ನು ಹಿಡಿದು, ತುಟಿಗೆ ಹೆಬ್ಬೆರಳು ತುರುಕಿ ಎತ್ತಿ, ಹತ್ತು ಫೋಟೋ ಆಗುವವರೆಗೆ ಒದ್ದಾಡಿಸಿ, ಆಮೇಲೆ ದೊಡ್ಡ ಮನಸ್ಸಿನವರಂತೆ ನೀರಿಗೆ ಎಸೆಯುತ್ತಾರೆ. ಅರ್ಧದಷ್ಟು ಹೊಟ್ಟೆ ಮೇಲಾಗಿ ತೇಲುತ್ತವೆ. ತಿನ್ನದ ಮೀನಿಗೆ ಇಷ್ಟು ಹಿಂಸೆ ಕೊಟ್ಟವರನ್ನು ನಮ್ಮ ಕೇರಿಯಲ್ಲಿ ಹೆಂಗಸರು ಸುಮ್ಮನೆ ಬಿಡುತ್ತಿರಲಿಲ್ಲ.

ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. “ನಮ್ ನಿಹಾರಿಕಾ ಫ್ಯಾಮಿಲಿನೇ ಫಿಶಿಂಗ್ ಕಣ್ರೀ, ಬ್ಲಡ್‌ನಲ್ಲೇ ಇದೆ” ಎಂದು ಜೊತೆಗೆ ಬಂದ ಆಫೀಸಿನವರೆದುರು ನಕ್ಕರು. ನನ್ನ ಡಬ್ಬಿಯ ವಾಸನೆಗೆ ಮೂಗು ಮುಚ್ಚುವವರು ನನ್ನ ರಕ್ತವನ್ನು ಹೊಗಳಿದ್ದು! ಆಗಲೇ ಎದ್ದು ಬರಬೇಕಿತ್ತು. ದೋಣಿಯಲ್ಲಿ ತಳ ತೋರಿಸುವ ಯಂತ್ರ ಇಟ್ಟುಕೊಂಡು ಮೂರು ಗಂಟೆ “ಸ್ಟ್ರಕ್ಚರ್, ಸ್ಟ್ರಕ್ಚರ್” ಎಂದು, ಅಂದರೆ ನೀರಿನಡಿ ಮೀನು ಅಡಗುವ ಮರ ಕಲ್ಲುಗಳಿಗಾಗಿ, ಜಪ ಮಾಡಿದರು. ನೀರು ಏರಿ ಸತ್ತು ನಿಂತ ಮರಗಳ ಬುಡಕ್ಕೆಲ್ಲ ಗಾಳ ಎಸೆದರೂ ಒಂದೂ ಕಚ್ಚಲಿಲ್ಲ. ಅಲ್ಲಿ ದಿನವೂ ಹತ್ತು ದೋಣಿ ಬರುತ್ತವೆ, ಮೀನೇನು ಪೆದ್ದೇ? ದೋಣಿ ನಡೆಸುವ ಫೆಲಿಕ್ಸ್ ಒಂದು ದಿಕ್ಕಿಗೆ ಮಾತ್ರ ಹೋಗುತ್ತಿರಲಿಲ್ಲ. ನಾನು ಅತ್ತ ಹೋಗಿ ಎಂದೆ. ನೀನು ಕಲಿಸಿದ ಹಾಗೆ ಹುರಿಗೆ ಸೀಸದ ಗುಂಡು ಕಟ್ಟಿ ಇಳಿಸಿದೆ. ಕೆಸರು, ಕೆಸರು, ಆಮೇಲೆ ಟಕ್ಕೆಂದು ಗಟ್ಟಿ ನೆಲ, ಮತ್ತೆ ಅದರಂಚಿಗೆ ನೆಟ್ಟಗೆ ಒಂದು ಏರು. “ಬರೀ ಹೊಯ್ಗಿ ಇದ್ದಲ್ಲ್ ಎಂತ ಇತ್ತ್ ಹೆಣೆ, ಮೀನಿಗೂ ಒಂದ್ ಮರಿ ಬೇಕ್” ಎನ್ನುತ್ತಿದ್ದೆಯಲ್ಲ, ಅದೇ ನೆನಪಾಗಿ, ಮರಳಾಗಲಿ ಕೆಸರಾಗಲಿ ಬಯಲು ಬಿಟ್ಟು ಮರೆ ಇರುವ ಕಡೆ, ನೆರಳು ಬೀಳುವ ಮೂಲೆಗೆ ಹಾಕಿ ಎಂದೆ. ಹಾಕಿದ್ದೇ ತಡ, ಒಂದರ ಹಿಂದೆ ಒಂದರಂತೆ ಐದು ಮೀನು. ನಾನೂ ಚಪ್ಪಾಳೆ ತಟ್ಟಿದೆ ಅಣ್ಣಯ್ಯ, ಅದನ್ನು ಬರೆಯುವುದಕ್ಕೇ ಅಸಹ್ಯವಾಗುತ್ತದೆ.

ಆರನೇ ಸಲ ಗಾಳಕ್ಕೆ ಕಿಟಕಿಯ ತುಕ್ಕು ಹಿಡಿದ ಜಾಲರಿ ಸಿಕ್ಕಿ ಬಂತು. ಯಂತ್ರದಲ್ಲಿ ನೋಡಿದರೆ ನಾಲ್ಕು ಗೋಡೆ, ಒಂದು ಬಾಗಿಲ ಜಾಗ. ಫೆಲಿಕ್ಸ್ ಜಾಲರಿ ಬಿಡಿಸುತ್ತ, “ಜಿಕೋನಿ, ಮೇಡಂ” ಎಂದ. ಅಡುಗೆಮನೆ. ಐದು ವರ್ಷದ ಹಿಂದೆ ಸರೋವರ ಉಕ್ಕಿದಾಗ ಮುಳುಗಿದ ಅವನದೇ ಮನೆ. ಚಂದ್ರಶೇಖರ್ ಏನೆಂದರು ಗೊತ್ತೇ? “ವಾವ್! ಅದಕ್ಕೇ ಸ್ಟ್ರಕ್ಚರ್ ಇಷ್ಟು ಕ್ಲೀನಾಗಿದೆ.” ಮನೆ ಕಳೆದುಕೊಂಡವನ ಮುಖದೆದುರೇ! ಆ ಜಾಗದ ಗುರುತನ್ನು ಯಂತ್ರಕ್ಕೆ ಸೇರಿಸಿ, ಮುಂದಿನ ತಿಂಗಳು ಬ್ಯಾಂಕಿನ ದೊಡ್ಡ ಗ್ರಾಹಕರನ್ನೆಲ್ಲ ಕರೆತಂದು ಇಲ್ಲೇ ಸ್ಪರ್ಧೆ ನಡೆಸುವುದೆಂದು ತೀರ್ಮಾನಿಸಿದರು.

ದಡಕ್ಕೆ ಬಂದ ಮೇಲೆ ಫೆಲಿಕ್ಸ್ ನನ್ನೊಬ್ಬಳಿಗೆ ಹೇಳಿದ. ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಅವನು ತನ್ನ ಮನೆಯ ಮೇಲೆ ಗಾಳ ಹಾಕಿ ಎರಡು ಮೀನು ಹಿಡಿದು ಮಕ್ಕಳಿಗೆ ಒಯ್ಯುತ್ತಾನಂತೆ. ಆ ಜಾಗ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೊಡಚಾದ್ರಿಯ ತುದಿ, ದೀಪಸ್ತಂಭ ಎರಡೂ ಒಂದೇ ನೇರಕ್ಕೆ ಬರುವಲ್ಲಿ ಮೀನು ಸೇರುವ ಕಡಲಡಿಯ ಕಲ್ಲಿನ ಗುರುತನ್ನು ಅಪ್ಪ ಪಕ್ಕದ ದೋಣಿಯವರಿಗೂ ಹೇಳುತ್ತಿರಲಿಲ್ಲ, ಇನ್ನೊಬ್ಬರ ಗುರುತು ಕಣ್ಣಿಗೆ ಬಿದ್ದರೆ ನೋಡದವರ ಹಾಗೆ ದೋಣಿ ತಿರುಗಿಸುತ್ತಿದ್ದರು. ಅವರ ಮಗಳು ನಾನು, ಹೊಗಳಿಕೆಗೆ ಉಬ್ಬಿ, ಒಬ್ಬನ ಅನ್ನದ ಜಾಗವನ್ನು ಮೀನು ತಿನ್ನದವರಿಗೆ ತೋರಿಸಿಕೊಟ್ಟೆ.

ಇರಲಿ. ಅಮ್ಮನಿಗೆ, ಅತ್ತಿಗೆಗೆ ನಮಸ್ಕಾರ. ಅಮೂಲ್ಯಳ ಪರೀಕ್ಷೆ ಮುಗಿಯಿತೇ? ಅವಳಿಗೆ ಒಂದು ಮುತ್ತು. ಕಡಲಿನಲ್ಲಿ ಜೋಪಾನ.

ನಿನ್ನ ತಂಗಿ,
ನಿಹಾರಿಕಾ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ, ಮೆಲ್ವಿನ್ ಕಾಗದ, ಕಾಫಿ ಪುಡಿ ಒಯ್ಯಲು ಇವತ್ತೇ ಬಂದು ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾನೆ. ಶನಿವಾರ ಯಂತ್ರ ಒರೆಸಿಡುತ್ತೇನೆಂದು ತೆಗೆದುಕೊಂಡು ಆ ಗುರುತನ್ನು ಅಳಿಸಿದ್ದೆ. ಸೋಮವಾರ ಅದು ಕಾಣದೆ ಹೋದಾಗ ಚಂದ್ರಶೇಖರ್ ಅದು ಫೆಲಿಕ್ಸ್‌ನದೇ ಕೆಲಸ ಎಂದು ಅವನನ್ನು ದೋಣಿಯ ಕೆಲಸದಿಂದ ತೆಗೆಸಿದರು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಇವತ್ತು ದೋಣಿಯ ಮಾಲೀಕರಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ, ಅವನನ್ನು ವಾಪಸ್ ಕರೆದಿದ್ದಾರೆ. ಆಮೇಲೆ ಚಂದ್ರಶೇಖರ್ ಕೋಣೆಗೆ ಹೋಗಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಪರ್ವಾಗಿಲ್ಲ, ಜಾಗ ನಿಮಗೆ ನೆನಪಿರುತ್ತಲ್ಲ, ಶನಿವಾರ ಬಂದು ತೋರಿಸಿ, ಇದನ್ನ ಇಲ್ಲಿಗೇ ಮರೆತುಬಿಡೋಣ” ಎಂದರು. ತೋರಿಸುವುದಿಲ್ಲ ಎಂದೆ. ಇಲ್ಲಿ ನನ್ನ ಕೆಲಸದ ಪರ್ಮಿಟ್ ಇರುವುದು ಬ್ಯಾಂಕಿನ ಹೆಸರಿನಲ್ಲಿ, ಕೆಲಸ ಹೋದರೆ ಇಲ್ಲಿರುವಂತಿಲ್ಲ. ಮುಂದಿನ ತಿಂಗಳು ಊರಿಗೆ ಬರುತ್ತೇನೆ. ರಜೆಗಲ್ಲ ಎಂದು ಅಮ್ಮನಿಗೆ ನೀನೇ ಹೇಳು.