ಇಲಾರಿಯಾ ತಂದ ಬಿತ್ತನೆ ಗಡ್ಡೆ

ಕೋಚಪಾಟ, ಪೆರು
ಡಿಸೆಂಬರ್ ೩

ಪ್ರೀತಿಯ ಇಲಾರಿಯಾ,

ಹೇಗಿದ್ದೀಯಮ್ಮ? ನಿನ್ನ ತಾಯಿಯ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನ ಗಂಡ ಫ್ಲೋರಿಯಾನ್ ಉಣ್ಣುತ್ತಾನೆ, ಮಲಗುತ್ತಾನೆ. ಹೆತ್ತ ತಾಯಿಯೊಂದಿಗೆ ಮಾತ್ರ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಅವನ ಊದಿದ ಮುಖ ನೋಡಿ ನೋಡಿ ನನಗೂ ಸಾಕಾಗಿದೆ.

ನಾನು ಬರೆಯಲು ಕೂತದ್ದು ಆಲೂಗಡ್ಡೆಯ ವಿಷಯ. ಮದುವೆಯಾಗಿ ಬಂದ ದಿನ ನೀನು ಶಾಲಿನಲ್ಲಿ ಕಟ್ಟಿ ಬೆನ್ನ ಮೇಲೆ ಹೊತ್ತು ತಂದೆಯಲ್ಲ, ಆ ನೇರಳೆ ಬಿತ್ತನೆ ಗಡ್ಡೆಗಳನ್ನು ಅಕ್ಟೋಬರಿನಲ್ಲಿ ಮೇಲಿನ ಹೊಲದಲ್ಲಿ ಊರಿದೆ. ಪಕ್ಕದ ಸಾಲಿನ ನಮ್ಮವು ಗೇಣುದ್ದ ಬೆಳೆದಿವೆ. ನಿನ್ನವು ತಲೆಯೆತ್ತಲೇ ಇಲ್ಲ. ಒಂದನ್ನು ಕೆದಕಿ ನೋಡಿದೆ: ಕೊಳೆತಿಲ್ಲ, ಹುಳು ಬಿದ್ದಿಲ್ಲ, ಗಟ್ಟಿಮುಟ್ಟಾಗಿದೆ. ಹಾಗಾದರೆ ಇವುಗಳ ಮನಸ್ಸಿನಲ್ಲೇನಿದೆ? ದಿನಾ ಸಾಲಿನ ಪಕ್ಕ ಕೂತು ಕೇಳುತ್ತೇನೆ. ಅವು ಬಂದ ದಿನ ನಾನೇನೂ ಕಡಿಮೆ ಮಾಡಿರಲಿಲ್ಲ. ಹೊಸಿಲಿಗೆ ಮೆಕ್ಕೆಜೋಳದ ಹೆಂಡ ಚಿಚಾ ಚಿಮುಕಿಸಿ, "ಬಾರೇ ಮಗಳೇ, ಇನ್ಮೇಲೆ ಇದೇ ನಿನ್ನ ಮನೆ, ಅಳ್ಬೇಡ" ಎಂದು ಗಡ್ಡೆಗಳನ್ನು ಮನೆ ತುಂಬಿಸಿಕೊಂಡಿದ್ದೆ. ಬಿತ್ತನೆಗೆ ಬೇಸರವಾದರೆ ಅದು ಉಳಿಯುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ?

ಆಮೇಲೆ ನಿನ್ನ ಕೈಗೆ ಚಾಕು ಕೊಟ್ಟು, ಉಬ್ಬುತಗ್ಗಿನ ಬೇರೊಂದು ಗಡ್ಡೆ ಕೊಟ್ಟೆ, ನಿಜ. ಅದಕ್ಕೆ ಸೊಸೆಯನ್ನು ಅಳಿಸುವ ಗಡ್ಡೆ ಎಂದೇ ಹೆಸರು. ಸುಲಿದು ತೋರಿಸದೆ ಯಾವ ಸೊಸೆ ಈ ಊರಲ್ಲಿ ಒಲೆ ಮುಟ್ಟಿದ್ದಾಳೆ? ನನ್ನತ್ತೆಯೂ ಕೊಟ್ಟಿದ್ದಳು, ನಾನೂ ಅತ್ತಿದ್ದೆ. ನೀನು ಸಿಪ್ಪೆ ದಪ್ಪ ತೆಗೆದೆ. "ಅಯ್ಯೋ, ಅರ್ಧ ಗಡ್ಡೆ ಸಿಪ್ಪೇಲೇ ಹೋಯ್ತಲ್ಲೇ! ನನ್ನ ಮಗನ್ನ ಉಪವಾಸ ಕೆಡವ್ತೀಯ" ಎಂದೆ. ಹೆಂಗಸರೆಲ್ಲ ನಕ್ಕರು. ವಾರ ಕಳೆಯುವುದರೊಳಗೆ ನೀನು ತವರಿಗೆ ಹೊರಟುಹೋದೆ. ಅದು ನಮ್ಮಿಬ್ಬರ ಜಗಳ, ಗಡ್ಡೆಗಳಿಗೇನು ಸಂಬಂಧ?

ನಿನ್ನೆ ಪಕ್ಕದ ಮನೆಯ ಮುದುಕಿ ಸತುರ್ನಿನಾಳನ್ನು ಕರೆದೊಯ್ದು ತೋರಿಸಿದೆ. ಮಣ್ಣಿಗೆ ಕಿವಿಯಿಟ್ಟು ಬಹಳ ಹೊತ್ತು ಕೂತಳು. "ನಮ್ಮನ್ನ ಹೊತ್ಕೊಂಡ್ ಬಂದೋಳು ಎಲ್ಲಿ ಅಂತ ಕೇಳ್ತಾವೆ ಕಣೇ ಬಸೀಲಿಯಾ. ಏನ್ ಹೇಳ್ತೀಯೋ ಹೇಳು" ಎಂದಳು. ಅದಕ್ಕೇ ಇವತ್ತು ಈ ಕಾಗದ ಹಿಡಿದು ಕೂತೆ.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ನಮ್ಮನ್ನು ಕಾಯುವ ಬೆಟ್ಟದೊಡೆಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಬಸೀಲಿಯಾ

ಇನ್ನೊಂದು ಮಾತು: ಕಾಗದ ಮಡಿಸುವಾಗ ಹೊಳೆಯಿತು. ಹೊಸಿಲಲ್ಲಿ ಆ ಮಾತನ್ನು ಗಡ್ಡೆಗಳಿಗೆ ಹೇಳಿದೆ, ಹೊತ್ತು ತಂದವಳಿಗೆ ಹೇಳಲೇ ಇಲ್ಲ. ನಿನಗೆ ಚಾಕು ಕೊಟ್ಟೆ. ತಪ್ಪಾಯಿತು. ಬಾರೇ ಮಗಳೇ, ಇದೇ ನಿನ್ನ ಮನೆ. ಸಿಪ್ಪೆ ನಾನೇ ಸುಲಿಯುತ್ತೇನೆ.